ತಮ್ಮನ ಪಾಲಿನ ಕುದುರೆಗಳು

ಲೋಕಲ್ ಗಾಡಿಯಲ್ಲಿ ನಿಂತುಕೊಂಡೇ ಕಚೇರಿ ಮುಟ್ಟುವ ಗುಮಾಸ್ತನಿಗೆ ಪೋರ್ಷೆ ಕಾರಿನ ಉಸಾಬರಿ ಏಕೆಂದು ವಾಚಕರು ಕೇಳಬಹುದು. ಕೊಳ್ಳುವ ಯೋಗವಿಲ್ಲದವನೇ ನಿಷ್ಪಕ್ಷಪಾತಿ ಎಂದು ನನ್ನ ಉತ್ತರ. ಮೇಲಾಗಿ ಇದು ಹಿರಿತನದ ಪಟ್ಟಿಯ ಕಥೆ. ಅದನ್ನು ಗುಮಾಸ್ತನಿಗೆ ಯಾರೂ ಕಲಿಸಬೇಕಾಗಿಲ್ಲ.

ಜರ್ಮನಿಯ ಈ ಮನೆತನದಲ್ಲಿ ಅಣ್ಣನೆಂದರೆ 911, 1963ರಲ್ಲಿ ಜಗತ್ತಿಗೆ ತೋರಿಸಿದ ಕಾರು. ಅದರ ಎಂಜಿನು ಹಿಂದಿನ ಗಾಲಿಗಳಿಗೂ ಹಿಂದೆ. 2005ರಲ್ಲಿ ಬಂದ ತಮ್ಮ ಕೇಮನ್. ಅವನ ಎಂಜಿನು ಸೀಟಿನ ಬೆನ್ನಿಗೇ, ಹಿಂದಿನ ಗಾಲಿಗಳಿಗಿಂತ ಮುಂದೆ. ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿಕೊಂಡು ಗಕ್ಕನೆ ತಿರುಗುವುದು ಸುಲಭವೋ, ಕೈಚಾಚಿ ಹಿಡಿದು ತಿರುಗುವುದೋ? ನಮ್ಮ ತಾಯಂದಿರು ಬಲ್ಲರು. ತಿರುವಿನಲ್ಲಿ ತಮ್ಮನಿಗೆ ಆ ಅನುಕೂಲ ಹುಟ್ಟಿನಿಂದಲೇ ಉಂಟು.

ಆದರೆ ಅವನ ಪಾಲಿಗೆ ಬಂದ ಕುದುರೆಗಳನ್ನು ಎಣಿಸಿರಿ. ಆ ಮೊದಲ ಕೇಮನ್ ಎಸ್‌ಗೆ 3.4 ಲೀಟರಿನ ಎಂಜಿನು, 295 ಅಶ್ವಶಕ್ತಿ. ಸಾದಾ 911ಕ್ಕೆ 3.6 ಲೀಟರು, 325 ಅಶ್ವಶಕ್ತಿ. 2015ರಲ್ಲಿ ಕೇಮನ್ ಜಿಟಿ4 ಬಂದಾಗ ಅಣ್ಣನ 3.8 ಲೀಟರಿನ ಎಂಜಿನನ್ನೇ ತಂದು ಕೂರಿಸಿದರು. 911 ಕರೆರಾ ಎಸ್‌ನಲ್ಲಿ 400 ಕೊಡುತ್ತಿದ್ದ ಆ ಎಂಜಿನು ಇಲ್ಲಿ ಕೊಟ್ಟದ್ದು 385. ಉಳಿದ 15 ಕುದುರೆಗಳು ಯಾವ ಲಾಯದಲ್ಲಿ ನಿಂತವೋ!

ಕಾರ್ಖಾನೆಯವರ ಪರವಾಗಿಯೂ ಹೇಳಬೇಕು. ಅವರು ಮಾರಿದ ಕಾರು ಉರಿಬಿಸಿಲಿನಲ್ಲೂ ಹಿಮದಲ್ಲೂ ಓಡಬೇಕು, ಹೊಗೆಯ ಕಾನೂನು, ಸದ್ದಿನ ಕಾನೂನು ಎರಡಕ್ಕೂ ತಲೆಬಾಗಬೇಕು, ಕೆಟ್ಟರೆ ವಾರಂಟಿಯ ಖರ್ಚು ಅವರದೇ. ಆಮೇಲೆ ಎಂಜಿನು ಬಿಚ್ಚಿ ಇನ್ನಷ್ಟು ಶಕ್ತಿ ಹಿಂಡಿಕೊಡುವ ಮೆಕ್ಯಾನಿಕನಿಗೆ ಈ ತಲೆನೋವಿಲ್ಲ. ಆದ್ದರಿಂದ ಸ್ವಲ್ಪ ಶಕ್ತಿ ಕೈಯಲ್ಲಿ ಉಳಿಸಿಕೊಳ್ಳುವುದು ನ್ಯಾಯವೇ. ಆದರೆ ಅಣ್ಣನ ಮನೆಯಲ್ಲಿ 400ಕ್ಕೆ ಜಾಮೀನು ನಿಂತವರು ಅದೇ ಎಂಜಿನಿಗೆ ತಮ್ಮನ ಮನೆಯಲ್ಲಿ ಏಕೆ ಹಿಂಜರಿಯಬೇಕು?

911ಕ್ಕೆ ಬೆಲೆ ಹೆಚ್ಚು, ಮನೆತನದ ಹೆಸರೂ ಅದರದೇ. ಕಡಿಮೆ ಬೆಲೆಯವನು ಮುಂದೆ ಓಡಿದರೆ ಹೆಚ್ಚು ತೆತ್ತವನು ಅಂಗಡಿಗೆ ಬಂದು ಮುಖ ಕೆಂಪಗೆ ಮಾಡಿಕೊಂಡು ನಿಲ್ಲುವುದಿಲ್ಲವೆ? ತಮ್ಮನ ಕೈಕಟ್ಟಿದ್ದು ಈ ಭಯವೇ ಎಂದು ನನ್ನ ಎಣಿಕೆ. ಬೇಕಾದರೆ ಹೆಚ್ಚು ದುಡ್ಡು ಕೇಳಲಿ, ಕೊಳ್ಳುವವನು ಕೊಟ್ಟಾನು; ಕೇಮನ್ ಎಸ್ ಕೊಂಡವನಿಗೆ ಆ ದೊಡ್ಡ ಎಂಜಿನು ದುಡ್ಡಿಗೂ ದೊರೆಯಲಿಲ್ಲ.

2021ರಲ್ಲಿ ಹೊರಬಂದ ಜಿಟಿ4 ಆರ್‌ಎಸ್‌ಗೆ ಕೊನೆಗೂ 911 ಜಿಟಿ3ರ 4 ಲೀಟರಿನ ಎಂಜಿನು ದಕ್ಕಿತು. ಅಣ್ಣನಿಗೆ 510, ತಮ್ಮನಿಗೆ 500. ಎಂಜಿನು ನಡುವಿಗೆ ಬಂದಾಗ ಹೊಗೆಕೊಳವೆ ಉದ್ದವಾಗುತ್ತದೆ, ಅದರಲ್ಲಿ ಕೊಂಚ ನಷ್ಟ ಸಹಜ. ಈ 10ರ ಬಗ್ಗೆ ನನ್ನ ತಕರಾರಿಲ್ಲ. 2005ರ 30ರ ಬಗ್ಗೆ ಇದೆ.