ರೊಟ್ಟಿ ಮಷಿನ್ನಿಗೆ ಸಾಲ ಯಾಕೆ ಸಿಗಲಿಲ್ಲ?

ಹೋದ ವಾರ ರಾಯಚೂರಿನಿಂದ ಚಿಗವ್ವ ಫೋನ್ ಮಾಡಿದ್ದಳು. ‘ನೀ ಅಲ್ಲಿ ಕುಂತು ಊರ ಮಂದಿಗೆಲ್ಲ ಸಾಲ ಕೊಡಿಸ್ತಿ. ನನಗೊಂದು ರೊಟ್ಟಿ ಮಷಿನ್ ತಗೊಳಾಕ ಯಾರೂ ಕೊಡವಲ್ರು. ಯಾಕಂತ ಕೇಳಿ ಹೇಳಪ್ಪ’ ಎಂದಳು.

ನಾನು ಹೈದರಾಬಾದಿನ ಹಣಕಾಸು ಸಂಸ್ಥೆಯೊಂದರಲ್ಲಿ ಸಾಲದ ಅರ್ಜಿ ಪರಿಶೀಲಿಸುವವನು. ಕೊಡಿ ಎನ್ನುವುದಕ್ಕಿಂತ ಬೇಡ ಎನ್ನುವುದೇ ಹೆಚ್ಚು. ಅದನ್ನು ಚಿಗವ್ವನಿಗೆ ಹೇಳಿಲ್ಲ. ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಜೋಳದ ರೊಟ್ಟಿ ಮಾಡಿಕೊಡುವುದು ಅವಳ ದಂಧೆ. ಬೇಕಾದದ್ದು ₹1.5 ಲಕ್ಷ. ಕ್ರೆಡಿಟ್ ರಿಪೋರ್ಟ್ ವರ್ಷಕ್ಕೊಮ್ಮೆ ಉಚಿತವಾಗಿ ಸಿಗುತ್ತದೆ. ಅವಳದನ್ನು ತರಿಸಿ ನೋಡಿದೆ.

ಮೂರು ಸಂಸ್ಥೆಗಳ ಮೂರು ಗುಂಪು ಸಾಲ. ಮೊದಲನೆಯದು ಸುಗ್ಗಿಯಲ್ಲಿ ಜೋಳ ಕೊಂಡಿಡಲು. ಎರಡನೆಯದು ಮಗಳ ಬಾಣಂತನಕ್ಕೆ. ಮೂರನೆಯದರ ದುಡ್ಡನ್ನು ಅವಳು ಮುಟ್ಟಿಯೇ ಇಲ್ಲ. ಪಕ್ಕದ ಮನೆಯಾಕೆಗೆ ಸಾಲ ಸಿಗದಿದ್ದಾಗ ಇವಳು ತನ್ನ ಹೆಸರಲ್ಲಿ ತೆಗೆದುಕೊಟ್ಟದ್ದು. ಆಕೆ ಕಂತು ತಂದು ಕೊಡುತ್ತಾಳೆ, ಒಮ್ಮೊಮ್ಮೆ ತಡವಾಗಿ. ಆ ತಡವೆಲ್ಲ ರಿಪೋರ್ಟಿನಲ್ಲಿ ಚಿಗವ್ವನ ಹೆಸರಿನ ಮುಂದೆ ಕೂತಿದೆ. ಈ ಅರ್ಜಿ ನನ್ನ ಮೇಜಿಗೆ ಬಂದಿದ್ದರೆ ನಾನೂ ಬೇಡ ಎನ್ನುತ್ತಿದ್ದೆ.

ಮೈಕ್ರೊ ಫೈನಾನ್ಸ್ ಸಂಸ್ಥೆಗಳ ಒಕ್ಕೂಟ ತಾನೇ ಹಾಕಿಕೊಂಡ ಕಟ್ಟಳೆ ಪ್ರಕಾರ 2025ರ ಏಪ್ರಿಲ್‌ನಿಂದ ಒಬ್ಬರಿಗೆ ಮೂರಕ್ಕಿಂತ ಹೆಚ್ಚು ಸಂಸ್ಥೆಗಳು ಸಾಲ ಕೊಡುವಂತಿಲ್ಲ. ಒಟ್ಟು ಬಾಕಿ ₹2 ಲಕ್ಷ ದಾಟಬಾರದು. ಒಂದು ಸಾಲ ತೀರಿಸಲು ಇನ್ನೊಂದು ಎತ್ತುವ ಚಾಳಿಗೆ ಈ ಕಡಿವಾಣ ಬೇಕಿತ್ತು. ಆದರೆ ಚಿಗವ್ವನ ಮೂರನೇ ಜಾಗವನ್ನು ಪಕ್ಕದ ಮನೆಯ ಸಾಲ ತಿಂದಿದೆ.

ಇದಕ್ಕೆ ಅವಳೊಬ್ಬಳೇ ಹೊಣೆಯಲ್ಲ. 2022ಕ್ಕೆ ಮೊದಲು ಮೈಕ್ರೊ ಫೈನಾನ್ಸ್ ಸಂಸ್ಥೆಗಳು ಕೊಡುವ ಸಾಲದಲ್ಲಿ ಕನಿಷ್ಠ ಅರ್ಧವಾದರೂ ದುಡಿಮೆಗೆ ಹೋಗಬೇಕಿತ್ತು. ಆ ವರ್ಷ ಬಂದ ರಿಸರ್ವ್ ಬ್ಯಾಂಕ್ ನಿಯಮ ಅದನ್ನು ಕೈಬಿಟ್ಟಿತು. ಈಗ ವಾರ್ಷಿಕ ಆದಾಯ ₹3 ಲಕ್ಷದೊಳಗಿನ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಟ್ಟದ್ದೆಲ್ಲ ಮೈಕ್ರೊ ಫೈನಾನ್ಸ್ ಸಾಲವೇ, ಉದ್ದೇಶ ಏನೇ ಇರಲಿ. ಬಡ್ಡಿಗಿದ್ದ ಮಿತಿಯೂ ಹೋಯಿತು. ಕಂತುಗಳು ತಿಂಗಳ ಆದಾಯದ ಅರ್ಧ ಮೀರಬಾರದು ಎಂಬ ಷರತ್ತೇನೋ ಇದೆ. ಆದರೆ ಚಿಗವ್ವನ ತಿಂಗಳ ಆದಾಯ ಎಷ್ಟೆಂದು ಬರೆದುಕೊಂಡವರು ಯಾರು? ಅವಳೇ ಹೇಳಿದ್ದು, ಏಜೆಂಟ್ ತುಂಬಿದ್ದು. ಬಾಣಂತನ, ಶಾಲೆ ಫೀಸು, ಜೋಳ ಎಲ್ಲವೂ ಒಂದೇ ಗಂಟಿನಲ್ಲಿ ಬಿದ್ದಾಗ ದಂಧೆಯ ಲೆಕ್ಕ ಯಾರಿಗೂ ಕಾಣುವುದಿಲ್ಲ.

ಬಡ್ಡಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಕಂತಿನ ವಾರ. ಮದುವೆ ಅಡುಗೆಯ ಗುತ್ತಿಗೆದಾರ ರೊಟ್ಟಿ ಒಯ್ದು ತಿಂಗಳಾದ ಮೇಲೆ ದುಡ್ಡು ಕೊಡುತ್ತಾನೆ. ಕಂತು ಮಾತ್ರ ಪ್ರತಿ ಮಂಗಳವಾರ. ಸಾಲಗಾರರ ಅನುಕೂಲ ನೋಡಿ ಕಂತಿನ ಅವಧಿ ಇಡಬೇಕು ಎಂದು ಅದೇ 2022ರ ನಿಯಮದಲ್ಲಿದೆ. ಚಿಗವ್ವನನ್ನು ಮಾತ್ರ ಯಾರೂ ಕೇಳಿಲ್ಲ. ಗುಂಪಿನವರ ಮುಂದೆ ಮರ್ಯಾದೆ ಹೋಗಬಾರದೆಂದು ಅವಳು ಮಂಗಳವಾರಕ್ಕೆ ಕೈಗಡ ತರುತ್ತಾಳೆ. ಆ ಕೈಗಡ ಯಾವ ರಿಪೋರ್ಟಿನಲ್ಲೂ ಇಲ್ಲ.

ವಸೂಲಿಯ ಕಿರುಕುಳಕ್ಕೆ ಜನ ಜೀವ ಕಳೆದುಕೊಂಡಾಗ ನಮ್ಮ ರಾಜ್ಯ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, ₹5 ಲಕ್ಷದವರೆಗೆ ದಂಡ. ಅದು ಬೇಕಾಗಿದ್ದ ಕ್ರಮ. ನೋಂದಣಿಯಿಲ್ಲದವರ ಸಾಲ ಮನ್ನಾ ಎಂಬ ಅಂಶ ಮಾತ್ರ ಊರೂರಿಗೆ ‘ಸಂಘದ ಸಾಲ ಮನ್ನಾ’ ಎಂದೇ ಹಬ್ಬಿತು. ರಿಸರ್ವ್ ಬ್ಯಾಂಕ್ ನೋಂದಣಿ ಇರುವ ಸಂಸ್ಥೆಗಳಿಗೆ ಇದು ಅನ್ವಯಿಸುವುದಿಲ್ಲ ಎಂಬ ಸಾಲನ್ನು ಓದಿದವರು ಕಡಿಮೆ. ಮರುಪಾವತಿ ಕುಸಿಯಿತು, ಸಂಸ್ಥೆಗಳು ಹೊಸ ಸಾಲಕ್ಕೆ ಕೈ ಬಿಗಿ ಹಿಡಿದವು.

ಹೈದರಾಬಾದಿನಲ್ಲಿ ನನ್ನ ಹಿರಿಯ ಸಹೋದ್ಯೋಗಿಗಳಿಗೆ ಇದು ನೋಡಿದ ಸಿನಿಮಾ. 2010ರ ಅಕ್ಟೋಬರ್‌ನಲ್ಲಿ ಆಗಿನ ಅವಿಭಜಿತ ಆಂಧ್ರವೂ ಸುಗ್ರೀವಾಜ್ಞೆ ತಂದಿತ್ತು. ವಸೂಲಿ ಹೆಚ್ಚುಕಮ್ಮಿ ನಿಂತೇಹೋಯಿತು. ಸಂಸ್ಥೆಗಳು ಗಂಟುಮೂಟೆ ಕಟ್ಟಿದವು. ರಿಸರ್ವ್ ಬ್ಯಾಂಕ್ ನೋಂದಣಿ ಇರುವ ಕಂಪನಿಗಳಿಗೆ ಆ ಕಾನೂನು ಅನ್ವಯಿಸದು ಎಂದು ತೆಲಂಗಾಣ ಹೈಕೋರ್ಟ್ ಹೇಳಿದ್ದು 2023ರಲ್ಲಿ. ನಡುವಿನ ಹನ್ನೆರಡು ವರ್ಷ ಸಣ್ಣ ದಂಧೆಯವರು ಯಾರ ಬಳಿ ಹೋದರು? ದಿನದ ಬಡ್ಡಿಯವರ ಬಳಿ ಎನ್ನುತ್ತಾರೆ ನಮ್ಮ ಆಫೀಸಿನ ಹಿರಿಯರು. ಗುಂಪು ಸಾಲದ ಏಜೆಂಟ್ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ದಿನದ ಬಡ್ಡಿಯವನಿಗೆ ಗಡಿಯಾರವೇ ಇಲ್ಲ.

ಚಿಗವ್ವನಿಗೆ ಬೇಕಾದದ್ದು ನಾಲ್ಕನೇ ಗುಂಪು ಸಾಲವಲ್ಲ, ಬ್ಯಾಂಕಿನ ಸಾಲ. ಉದ್ಯಮ್ ನೋಂದಣಿ ಉಚಿತ, ಇಲ್ಲಿಂದಲೇ ಮಾಡಿಸಿದೆ. ಕಿರು ಆಹಾರ ಉದ್ಯಮಗಳಿಗೆಂದು 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ರೊಟ್ಟಿ ಮಷಿನ್ನಿಗೆ ಶೇ 35ರಷ್ಟು ಸಹಾಯಧನವಿದೆ, ರಾಜ್ಯವೂ ಮೇಲೆ ಶೇ 15 ಸೇರಿಸುತ್ತದೆ. ಆದರೆ ಮೊದಲು ಬ್ಯಾಂಕ್ ಸಾಲ ಮಂಜೂರಾಗಬೇಕು. ಬ್ಯಾಂಕೂ ಅದೇ ರಿಪೋರ್ಟ್ ನೋಡುತ್ತದೆ.

ಗುಂಪು ಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡವಿಲ್ಲ. ಮೂರನೆಯದನ್ನು ನಾನೇ ಕಟ್ಟುತ್ತೇನೆ, ಚಿಗವ್ವ ಎಂದೆ. ‘ಆಕಿ ಸಾಲ ನೀ ಯಾಕ ಕಟ್ಟತಿ? ನಾನ ಕೇಳ್ತೀನಿ. ಈಗ ಬ್ಯಾಡ, ರೊಟ್ಟಿ ಪಂಚಮಿ ಮುಗೀಲಿ. ಆಕಿ ಮನಿಗೆ ರೊಟ್ಟಿ ಕೊಡಬೇಕಲ್ಲಾ’ ಎಂದಳು.