ಚಂದಾ ಡಬ್ಬಿ ಬೇಡ, ಮುಯ್ಯಿ ಲೆಕ್ಕ ಬೇಕು

ಮೂಲೆಯಂಗಡಿಯೊಂದು ಬಾಗಿಲು ಹಾಕುವ ಸ್ಥಿತಿಗೆ ಬಂದಾಗ ಊರಿನ ಕೆಲವು ಮಹನೀಯರಿಗೆ ಕರುಣೆ ಉಕ್ಕುತ್ತದೆ. ಚಂದಾ ಎತ್ತುತ್ತಾರೆ, ಅಂಗಡಿಯವನಿಗೆ ಶಾಲು ಹೊದಿಸುತ್ತಾರೆ, ಅಂಗಡಿಗಿಂತ ಅಗಲವಾದ ಫ್ಲೆಕ್ಸಿನಲ್ಲಿ ತಮ್ಮ ಭಾವಚಿತ್ರ ಹಾಕಿಸಿಕೊಳ್ಳುತ್ತಾರೆ. ಮೂರು ತಿಂಗಳಾದ ಮೇಲೆ ಆ ಅಂಗಡಿ ಹೇಗಿದೆಯೆಂದು ಕೇಳಲು ಅವರಲ್ಲೊಬ್ಬರೂ ಬರುವುದಿಲ್ಲ. ಈ ಬಗೆಯ ಉಪಕಾರವನ್ನು ನಾವು ಒಪ್ಪುವುದಿಲ್ಲ. ‘ನಡೆಯಲಾರದ ಅಂಗಡಿ ಮುಚ್ಚಲಿ, ಅದೇ ಮಾರುಕಟ್ಟೆಯ ನಿಯಮ’ ಎಂದು ಉಪದೇಶಿಸುವ ಪಂಡಿತರನ್ನಂತೂ ಖಂಡಿತವಾಗಿಯೂ ಒಪ್ಪುವುದಿಲ್ಲ.

2020ರಲ್ಲಿ ಬೆಂಗಳೂರಿನ ಕನಕಪುರ ರಸ್ತೆಯ ಬದಿಯಲ್ಲಿ ಬಿಸಿಲಿನಲ್ಲಿ ಕುಳಿತು ಗಿಡ ಮಾರುತ್ತಿದ್ದ ವೃದ್ಧರೊಬ್ಬರ ಚಿತ್ರ ಫೋನಿನಿಂದ ಫೋನಿಗೆ ಹರಿದಾಡಿತು. ಜನ ಓಡಿಬಂದು ಕೊಡೆ, ಮೇಜು, ಕುರ್ಚಿ, ಗಿಡಗಳನ್ನು ಕೊಟ್ಟರು. ಕೊಟ್ಟ ಕೈಗಳಿಗೆ ನಮ್ಮ ನಮಸ್ಕಾರ. ಆದರೆ ಅದೇ ವರ್ಷ ಯಾರ ಚಿತ್ರವನ್ನೂ ಯಾರೂ ತೆಗೆಯದೆ ಎಷ್ಟು ಬಂಡಿಗಳು, ಎಷ್ಟು ಪೆಟ್ಟಿಗೆ ಅಂಗಡಿಗಳು ಎತ್ತಿಹೋದವು! ಬಡವನ ಅನ್ನ ಯಾರೋ ದಾರಿಹೋಕನ ಕ್ಯಾಮೆರಾ ತನ್ನತ್ತ ತಿರುಗುವುದನ್ನು ಕಾದು ಕೂರಬೇಕೇ? ಇದು ನಮ್ಮ ಮೊದಲನೆಯ ಪ್ರಶ್ನೆ.

ಕಾರ್ಮಿಕ ಬಂಧುಗಳೇ, ಸಣ್ಣ ಅಂಗಡಿಯ ಕಷ್ಟ ವ್ಯಾಪಾರಿಯೊಬ್ಬನ ಕಷ್ಟವೆಂದು ತಿಳಿಯಬೇಡಿ. 2020ರ ಮಾರ್ಚಿನಲ್ಲಿ ದೇಶಕ್ಕೇ ಬೀಗ ಬಿದ್ದಿತು. ಅದೇ ನವೆಂಬರಿನಲ್ಲಿ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ ಮುಷ್ಕರ ನಡೆದು ಲಾಕೌಟ್ ಆಯಿತು. ರೇಷ್ಮೆಯ ದರ ಬಿದ್ದಾಗಲೆಲ್ಲ ರಾಮನಗರದ ಫಿಲೇಚರುಗಳಲ್ಲಿ ಕೂಲಿ ಸೊರಗುತ್ತದೆ. ಕೂಲಿ ನಿಂತ ತಿಂಗಳಿನಲ್ಲಿ ಯಾವ ಕಂಪನಿಯ ಮಾರ್ಟು ನಿಮ್ಮ ಮನೆಗೆ ಎರಡು ಸೇರು ಅಕ್ಕಿ ಕಡ ಕೊಟ್ಟೀತು? ಕಡದ ಪುಸ್ತಕ ಇರುವುದು ಮೂಲೆಯಂಗಡಿಯಲ್ಲಿ ಮಾತ್ರ. ಅದಕ್ಕೆ ಜಾಮೀನು ಬೇಡ, ಬಡ್ಡಿ ಇಲ್ಲ, ಮುಖಪರಿಚಯವೇ ಪತ್ರ. ಸಂಬಳದ ದಿನ ನಗದು ತೆಗೆದುಕೊಂಡು ಮಾರ್ಟಿಗೆ ಹೋಗುವುದು, ತಿಂಗಳ ಕೊನೆಯಲ್ಲಿ ಕಡ ಕೇಳಲು ಮೂಲೆಯಂಗಡಿಗೆ ಮಗುವನ್ನು ಕಳಿಸುವುದು ಶ್ರಮಜೀವಿಗೆ ಶೋಭೆ ತರುವ ನಡತೆಯಲ್ಲ.

ನಗದು ಒಂದು ಕಡೆಗೂ ಕಡ ಇನ್ನೊಂದು ಕಡೆಗೂ ಹರಿದರೆ ಅಂಗಡಿಯವನು ಮಂಡಿಗೆ ಹಣ ಎಲ್ಲಿಂದ ಕಟ್ಟಬೇಕು? ಅವನು ದಿನಬಡ್ಡಿಯವನ ಬಳಿ ಹೋಗುತ್ತಾನೆ. 10,000 ರೂಪಾಯಿಗೆ ಸಹಿ, 1,000 ಮುಂಗಡ ಕಡಿತ, ಕೈಗೆ ಬರುವುದು 9,000. ಆಮೇಲೆ ದಿನಕ್ಕೆ 100ರಂತೆ ನೂರು ದಿನ. ಹೀಗೆ ಸಾಲ ಎತ್ತಿದವನಿಗೆ ಬೀಳುವ ಬಡ್ಡಿ ವರ್ಷಕ್ಕೆ ಶೇಕಡ 75ನ್ನು ಮೀರುತ್ತದೆ. ಪೆನ್ಸಿಲ್ ಹಿಡಿದು ನೀವೇ ಲೆಕ್ಕ ಹಾಕಿ ನೋಡಿ. ಸಾಲ ವಸೂಲಿಯ ಕಿರುಕುಳ ತಾಳಲಾರದೆ ಜನ ಊರು ಬಿಟ್ಟ ಮೇಲೆ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು, ಬಲಾತ್ಕಾರದ ವಸೂಲಿಗೆ 10 ವರ್ಷದವರೆಗೆ ಸಜೆ, 5 ಲಕ್ಷದವರೆಗೆ ದಂಡ ಎಂದಿತು. ಒಳ್ಳೆಯದೇ ಆಯಿತು. ಆದರೆ ಕಾನೂನು ಬಾಗಿಲಲ್ಲಿ ನಿಂತ ಗೂಂಡಾನನ್ನು ಓಡಿಸಬಲ್ಲುದೇ ಹೊರತು ಅಂಗಡಿಗೆ ಒಂದು ಮೂಟೆ ಅಕ್ಕಿ ತಂದು ಇಳಿಸಲಾರದು. ಆ ಕೆಲಸ ನಮ್ಮದು, ನಿಮ್ಮದು.

ಅದರ ದಾರಿ ನಮ್ಮ ಹಳ್ಳಿಗಳಿಗೆ ಗೊತ್ತಿಲ್ಲದ್ದೇನೂ ಅಲ್ಲ. ಮದುವೆಮನೆಯಲ್ಲಿ ಮುಯ್ಯಿ ಓದಿಸುತ್ತೇವೆ. ಯಾರು ಎಷ್ಟು ಕೊಟ್ಟರೆಂದು ಬರೆದಿಡುತ್ತೇವೆ. ಅವರ ಮನೆಯ ಮದುವೆಗೆ ಅಷ್ಟನ್ನೂ ತೀರಿಸುತ್ತೇವೆ. ನಾಟಿಗೂ ಕೊಯ್ಲಿಗೂ ಮುಯ್ಯಾಳು ಹೋಗುತ್ತೇವೆ. ಇದರಲ್ಲಿ ಕೊಡುವವನು ದೊಡ್ಡವನೂ ಅಲ್ಲ, ಪಡೆಯುವವನು ಸಣ್ಣವನೂ ಅಲ್ಲ. ಈ ಬುದ್ಧಿಯನ್ನೇ ಅಂಗಡಿಗೂ ಹಚ್ಚಿರೆಂಬುದು ನಮ್ಮ ವಾದ. ಗದಗಿನ ಬಳಿಯ ಕಣಗಿನಹಾಳದ ರೈತರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ 1905ರಲ್ಲೇ ಸಹಕಾರ ಪತ್ತಿನ ಸಂಘ ಕಟ್ಟಿದರು. ಬ್ರಿಟಿಷರ ಆಳ್ವಿಕೆಯಲ್ಲಿ ಹಳ್ಳಿಯ ರೈತರಿಗೆ ಸಾಧ್ಯವಾದದ್ದು ಇಂದು ನಮಗೇಕೆ ಸಾಧ್ಯವಾಗಬಾರದು?

ಮಾಗಡಿ ತಾಲ್ಲೂಕಿನ ಕೆಂಪಾಪುರವನ್ನೇ ತೆಗೆದುಕೊಳ್ಳಿ. ಕೆಂಪೇಗೌಡರ ಸಮಾಧಿ ಅಲ್ಲಿದೆಯೆಂಬುದು 2015ರಲ್ಲಿ ಬೆಳಕಿಗೆ ಬಂದಮೇಲೆ ಮಂತ್ರಿಗಳ ಕಾರುಗಳು ಆ ಊರಿನ ದಾರಿ ಕಂಡವು. ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆಗಳನ್ನು ಕಟ್ಟಿಸಿ, ಒಂದೊಂದು ಕಸುಬಿಗೂ ಬೀದಿ ಕೊಟ್ಟ ಆ ನಾಡಪ್ರಭುವಿಗೆ ಸಣ್ಣ ವ್ಯಾಪಾರಿಯ ಬೆಲೆ ತಿಳಿದಿತ್ತು. ಅವರ ಹೆಸರಿನಲ್ಲಿ ಕಲ್ಲು ನಿಲ್ಲಿಸುವವರು ಅಂಗಡಿ ನಿಲ್ಲಿಸುವ ಮಾತನ್ನೂ ಆಡಲಿ. ಅಂಥ ಊರಿನಲ್ಲಿ ನೂರು ಮನೆಗಳು ತಿಂಗಳಿಗೆ 100 ರೂಪಾಯಿಯಂತೆ ಹಾಕಿದರೆ ಆರು ತಿಂಗಳಿಗೆ 60,000 ರೂಪಾಯಿ. ಕಷ್ಟದಲ್ಲಿರುವ ಒಂದು ಅಂಗಡಿಗೆ ಸರಕು ತುಂಬಲು ಅಷ್ಟನ್ನು ಕೊಟ್ಟು, ವಾರಕ್ಕೆ 2,000ದಂತೆ ಬಡ್ಡಿಯಿಲ್ಲದೆ ವಾಪಸು ಪಡೆದರೆ ಮೂವತ್ತು ವಾರಗಳಲ್ಲಿ ಹಣ ಮತ್ತೆ ಕೈಗೆ ಬಂತು. ಆಮೇಲೆ ಅದು ಇನ್ನೊಂದು ಅಂಗಡಿಗೆ, ಇಲ್ಲವೇ ಕೂಲಿ ನಿಂತ ಕಾರ್ಮಿಕನ ಮನೆಗೆ.

‘ಅಂಗಡಿಯೂ ಖಾಸಗಿ ಆಸ್ತಿಯಲ್ಲವೇ? ಸಮಾಜವಾದಿಗಳಿಗೇಕೆ ಅದರ ಉಸಾಬರಿ?’ ಎಂದು ಕೆಲವರು ಕೇಳುವರು. ಗಂಡ ಹೆಂಡತಿ ಇಬ್ಬರೂ ಕೋಳಿ ಕೂಗಿನಿಂದ ರಾತ್ರಿ ಹತ್ತರವರೆಗೆ ದುಡಿದು ನಡೆಸುವ ಅಂಗಡಿ ಇನ್ನೊಬ್ಬರ ಬೆವರನ್ನು ಹೀರಿ ಬೆಳೆದದ್ದಲ್ಲ. ತಕ್ಕಡಿ ಹಿಡಿದವನೂ ಮಗ್ಗ ಹಿಡಿದವನಂತೆಯೇ ದುಡಿಮೆಗಾರ. ಆದರೆ ಮುಯ್ಯಿ ಎಂದಮೇಲೆ ಅಂಗಡಿಯವನಿಗೂ ಕಟ್ಟುಪಾಡು ಉಂಟು: ತೂಕದಲ್ಲಿ ಮೋಸ ಕೂಡದು, ಅಭಾವದ ದಿನ ದರ ಏರಿಸಕೂಡದು, ಜಾತಿ ನೋಡಿ ಕಡ ಕೊಡಕೂಡದು. ನಿಧಿ ನಡೆಸುವವರಿಗೂ ಉಂಟು: ಜಮಾ ಖರ್ಚು ಪ್ರತಿ ತಿಂಗಳೂ ಊರ ಕಟ್ಟೆಯ ಗೋಡೆಗೆ ಅಂಟಬೇಕು, ಲೆಕ್ಕ ಬರೆಯುವವರಲ್ಲಿ ಹೆಂಗಸರಿರಬೇಕು, ಯಾರ ಭಾವಚಿತ್ರವೂ ಬೇಡ. ಮೊದಲು ಇಪ್ಪತ್ತು ಮನೆಗಳ ಸ್ವಸಹಾಯ ಸಂಘವಾಗಿ ಶುರು ಮಾಡಿ. ಬಲಿತಮೇಲೆ 1959ರ ಸಹಕಾರ ಸಂಘಗಳ ಕಾಯ್ದೆಯಂತೆ ನೋಂದಾಯಿಸಿ.

ಇಷ್ಟರಿಂದಲೇ ಬಂಡವಾಳಶಾಹಿ ಉರುಳಿಬೀಳುವುದೆಂದು ನಾವು ಹೇಳುತ್ತಿಲ್ಲ. ಅಗ್ಗದ ಬಡ್ಡಿಯ ಸಾಲವನ್ನು ಸರ್ಕಾರದಿಂದ ಹಕ್ಕಾಗಿ ಪಡೆಯುವ ಹೋರಾಟ ನಡೆಯುತ್ತಲೇ ಇರಬೇಕು. ಒಬ್ಬರಿಗೊಬ್ಬರು ಆಗಿಬಂದ ಜನರೇ ಆ ಹೋರಾಟದಲ್ಲಿ ಕೊನೆಯವರೆಗೆ ನಿಲ್ಲಬಲ್ಲರು. ಬರುವ ಸಂಬಳದ ದಿನ ನಿಮ್ಮ ಬೀದಿಯ ಅಂಗಡಿಗೆ ಹೋಗಿ. ಹಳೆಯ ಕಡ ತೀರಿಸಿ. ನಗದು ಕೊಟ್ಟು ಸಾಮಾನು ಕೊಳ್ಳಿ. ಆಮೇಲೆ ಪಕ್ಕದ ಹತ್ತು ಮನೆಯವರನ್ನು ಕೂಡಿಸಿ ಮುಯ್ಯಿ ಪುಸ್ತಕದ ಮೊದಲ ಹಾಳೆ ಬರೆಯಿರಿ.