ಬಲಿಪೀಠದ ಮುಂದೆ ಮಲ್ಲಿಗೆ

ಈ ಊರಿನ ಹೂವು ತುಂಗಭದ್ರೆಯಲ್ಲಿ ಹಡಗೇರಿ ಹಂಪಿಯ ದೇವರಿಗೆ ಹೋಗುತ್ತಿತ್ತು, ಅದಕ್ಕೇ ಇದು ಹೂವಿನಹಡಗಲಿ ಎಂಬ ಪ್ರತೀತಿ ನಮಗೆಲ್ಲ ಗೊತ್ತು. ಹೂವಿಗೆ ಕಥೋಲಿಕರ ಬಲಿಪೀಠದ ಮುಂದೆಯೂ ರೋಮ್‌ನ ಒಪ್ಪಿಗೆಯಿಂದಲೇ ಜಾಗ ಸಿಕ್ಕಿದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಭಾರತದ ಧರ್ಮಾಧ್ಯಕ್ಷರು ಕೇಳಿದ 12 ಬದಲಾವಣೆಗಳಿಗೆ 1969ರ ಏಪ್ರಿಲ್‌ನಲ್ಲಿ ಅನುಮತಿ ಬಂತು. ಮಂಡಿಯೂರುವ ಬದಲು ಕೈಮುಗಿದು ಬಾಗಬಹುದು. ಮುತ್ತಿಡುವ ಬದಲು ಬೆರಳಿನಿಂದ ಮುಟ್ಟಿ ಹಣೆಗೆ ಒತ್ತಿಕೊಳ್ಳಬಹುದು. ಮೇಣದ ಬತ್ತಿಯ ಜಾಗದಲ್ಲಿ ಎಣ್ಣೆದೀಪ ಇಡಬಹುದು. ಹೂವು, ಧೂಪ, ದೀಪದ ಆರತಿ ಎತ್ತಬಹುದು. ಬೆಂಗಳೂರಿನಲ್ಲಿ 1967ರಲ್ಲಿ ಆರಂಭವಾದ, ಬೈಬಲ್, ಧರ್ಮಬೋಧನೆ ಮತ್ತು ಪೂಜಾವಿಧಿಯ ರಾಷ್ಟ್ರೀಯ ಕೇಂದ್ರವಾದ ಎನ್‌ಬಿಸಿಎಲ್‌ಸಿ ಮತ್ತು ಅದರ ಸ್ಥಾಪಕ ಡಿ.ಎಸ್. ಅಮಲೋರ್ಪವದಾಸ್ ಈ ಕೆಲಸದ ಮುಂಚೂಣಿಯಲ್ಲಿದ್ದರು.

ಪೂಜಾವಿಧಿಯಲ್ಲಿ ಹಳೆಯದು ಮೇಲೋ ಹೊಸದು ಮೇಲೋ ಎಂಬ ಜಗಳ ಇನ್ನೂ ಆರಿಲ್ಲ. ಹಳೆಯ ಲ್ಯಾಟಿನ್ ಕ್ರಮಕ್ಕೆ 2007ರಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟ್ ಬಾಗಿಲು ತೆರೆದರು, 2021ರಲ್ಲಿ ಪೋಪ್ ಫ್ರಾನ್ಸಿಸ್ ಬಹುಪಾಲು ಮುಚ್ಚಿದರು. ಆದರೆ ಜಗಳದ ನೆಲೆಯೇ ತಪ್ಪು ಎಂಬುದು ನನ್ನ ವಾದ. ರೋಮ್‌ನ ಮೊದಲ ಕ್ರೈಸ್ತರು ಗ್ರೀಕ್‌ನಲ್ಲಿ ಪೂಜಿಸುತ್ತಿದ್ದರು. ಜನರ ಬಾಯಿಗೆ ಲ್ಯಾಟಿನ್ ಬಂದ ಮೇಲೆ ಪೂಜೆಗೂ ಬಂತು. ಅಂದರೆ ಇಂದು ಪರಂಪರೆ ಎನಿಸಿಕೊಳ್ಳುವ ಲ್ಯಾಟಿನ್ ಒಂದು ಕಾಲಕ್ಕೆ ಆಡುಮಾತೇ. ಶಿವನ ಜೊತೆ ಕನ್ನಡದಲ್ಲಿ ಮಾತಾಡಿದ ಶರಣರ ನಾಡಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಗ್ಲಿಷಿನ ‘ಮಾಸ್’ ಎಂಬ ಹೆಸರು ಹುಟ್ಟಿದ್ದು ಪೂಜೆ ಮುಗಿದು ಜನರನ್ನು ಕಳಿಸಿಕೊಡುವ ಲ್ಯಾಟಿನ್ ಮಾತಿನಿಂದ. ಕನ್ನಡದ ‘ಬಲಿಪೂಜೆ’ ನೇರವಾಗಿ ಕ್ರಿಸ್ತನ ಬಲಿಯನ್ನೇ ಮುಂದಿಡುತ್ತದೆ. ಊರಮ್ಮನ ಜಾತ್ರೆಯಲ್ಲಿ ಬಲಿ ಎಂದರೇನೆಂದು ಕಂಡ ಸೀಮೆಯವರಿಗೆ ಆ ಪದ ಎದೆಗೇ ತಾಗುತ್ತದೆ. ಅನುವಾದದಲ್ಲಿ ಅರ್ಥ ಸೋರುತ್ತದೆ ಎನ್ನುವವರು ಇಲ್ಲಿ ಅರ್ಥ ತುಂಬಿಕೊಂಡದ್ದನ್ನೂ ನೋಡಬೇಕು.

ಗುರುಗಳು ಬಲಿಪೀಠದತ್ತ ಮುಖ ಮಾಡಿ ತಗ್ಗಿದ ದನಿಯಲ್ಲಿ ಹೇಳುತ್ತಿದ್ದ ಪ್ರಾರ್ಥನೆಯ ಮೌನ, ಆ ಭಯಭಕ್ತಿ ಈಗೆಲ್ಲಿದೆ ಎಂಬ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಅದು ನಿಜವಾದ ನಷ್ಟ. ಆದರೆ ಅದಕ್ಕೆ ಕಾರಣ ಕನ್ನಡವಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯೂ ಅಲ್ಲ. 1963ರ ಅದರ ದಾಖಲೆ ಜನಭಾಷೆಗೆ ಅವಕಾಶ ಕೊಟ್ಟಾಗಲೂ ಲ್ಯಾಟಿನ್ನನ್ನು ಉಳಿಸಿಕೊಂಡಿತ್ತು, ಮೌನಕ್ಕೂ ಸಮಯ ಇರಲಿ ಎಂದಿತ್ತು. ಒಂದು ಗಳಿಗೆಯೂ ಬಿಡುವಿಲ್ಲದೆ ಮೈಕು, ಕೀಬೋರ್ಡುಗಳಿಂದ ಪೂಜೆಯನ್ನು ತುಂಬಿಸುವವರು ಆ ಮಾತನ್ನು ಓದಬೇಕು.

ದಲಿತ ಕ್ರೈಸ್ತ ಚಿಂತಕರ ಆಕ್ಷೇಪ ಇದಕ್ಕಿಂತ ಆಳದ್ದು. ಆರತಿ, ಅಂಗವಸ್ತ್ರ, ಸಂಸ್ಕೃತದ ಮಂತ್ರ ಇವೆಲ್ಲ ಭಾರತೀಯವೆಂದರೆ ಯಾರ ಭಾರತ? ತಮ್ಮನ್ನು ಹೊರಗಿಟ್ಟ ಗರ್ಭಗುಡಿಯ ಚಿಹ್ನೆಗಳೇ ಚರ್ಚಿನೊಳಗೆ ಬಂದರೆ ಅವರು ಎಲ್ಲಿಗೆ ಹೋಗಬೇಕು? ಈ ಮಾತು ನ್ಯಾಯವಾದದ್ದು, 12 ಅಂಶಗಳ ದೊಡ್ಡ ಕೊರತೆಯೂ ಇದೇ. ಹಾಗೆಂದು ಲ್ಯಾಟಿನ್‌ಗೆ ಹಿಂದಿರುಗಿದರೆ ಅವರಿಗೆ ಸಿಗುವುದೇನೂ ಇಲ್ಲ. ಬಳ್ಳಾರಿ ಸೀಮೆಯ ಬಲಿಪೂಜೆಗೆ ಡೊಳ್ಳು ಬೇಕೋ, ಸೋಬಾನೆಯ ಧಾಟಿ ಬೇಕೋ, ಬರೀ ಮೌನ ಸಾಕೋ ಎಂಬುದನ್ನು ಆಯಾ ಊರಿನ ಭಕ್ತರನ್ನೇ ಕೇಳಲಿ. ಬೆಳಗಿನ ಇಬ್ಬನಿಯಲ್ಲಿ ಮೊಗ್ಗು ಬಿಡಿಸಿ, ಮಾರು ಲೆಕ್ಕದಲ್ಲಿ ಹೂ ಕಟ್ಟುವ ಹೆಂಗಸರು ಆ ಮಾತುಕತೆಯಲ್ಲಿ ಮೊದಲ ಸಾಲಿನಲ್ಲಿ ಕೂತಿರಲಿ.